ಕೆಂಪರಾಜು ಆಫ್ ಮಾಡಿದ ಮೂರನೇ ಸಿಸ್ಟಮ್

ತರೀಕೆರೆಯಲ್ಲಿ ಊರಿನ ಸಂಘವೊಂದು ನಡೆಸುವ ಗ್ರಂಥಾಲಯವಿದೆ. ಅಲ್ಲಿ ಕೆಂಪರಾಜುವಿಗೆ ಎರಡು ಕೆಲಸ. ಪುಸ್ತಕ ಕೊಟ್ಟು ಇಸ್ಕೊಳ್ಳುವುದು ಒಂದು, ನಿಂತುಹೋದ ಕಂಪ್ಯೂಟರುಗಳನ್ನು ಎಬ್ಬಿಸುವುದು ಇನ್ನೊಂದು. ಮೊದಲನೆಯದಕ್ಕೆ ಈಗ ಜನ ಕಡಿಮೆ. ಎರಡನೆಯದಕ್ಕೆ ದಿನವಿಡೀ ಕೂಗು.

"ಅಣ್ಣಾ, ಇದು ಸುತ್ತುತ್ತಾನೇ ಐತೆ."

"ಸಾರ್, ನಂದು ನಿಂತೋಯ್ತು."

ಕೆಂಪರಾಜು ಕುರ್ಚಿ ಬಿಟ್ಟು ಏಳುವುದಿಲ್ಲ. ಅವನ ಮುಂದಿರುವುದು ಮೇನ್ ಸಿಸ್ಟಮ್. ಓದುಗರ ಮೇಜುಗಳ ಮೇಲಿನ ಆರೂ ಟರ್ಮಿನಲ್‌ಗಳ ಜುಟ್ಟು ಅದರ ಕೈಯಲ್ಲಿದೆ. ಯಾವುದರಲ್ಲಿ ಯಾವ ಪ್ರೋಗ್ರಾಂ ಓಡುತ್ತಿದೆ, ಯಾವುದು ಮೆಮೊರಿಯನ್ನೆಲ್ಲ ನುಂಗಿಕೊಂಡು ಬಿದ್ದಿದೆ, ಎಲ್ಲ ಅವನ ಪರದೆಯಲ್ಲಿ ಕಾಣುತ್ತದೆ. ಹಟ ಹಿಡಿದ ಪ್ರೋಗ್ರಾಮನ್ನು ಕೂತಲ್ಲಿಂದಲೇ ಮುಗಿಸುತ್ತಾನೆ. ಅದಕ್ಕೂ ಬಗ್ಗದಿದ್ದರೆ ಇಡೀ ಟರ್ಮಿನಲ್ಲನ್ನೇ ರೀಸ್ಟಾರ್ಟ್ ಮಾಡುತ್ತಾನೆ. ಕೂತವರನ್ನು ಒಂದು ಮಾತು ಕೇಳುವ ಅಭ್ಯಾಸ ಅವನಿಗಿಲ್ಲ. ಪೇಪರ್ ಓದಲು ದಿನಾ ಬರುವ ಬಸವರಾಜಪ್ಪನವರು, "ಏನಪ್ಪಾ, ನಮ್ಮನ್ನೂ ಒಂದ್ಸಲ ರೀಸ್ಟಾರ್ಟ್ ಮಾಡು, ಮೊಣಕಾಲು ಹಿಡ್ಕೊಂಡೈತೆ" ಎಂದು ತಮಾಷೆ ಮಾಡುತ್ತಿದ್ದರು. ಕೆಂಪರಾಜುವಿಗೆ ಒಳಗೊಳಗೇ ಖುಷಿ.

ಇದೇ ಕೆಂಪರಾಜು ಮೀಸೆ ಮೂಡುವ ವಯಸ್ಸಿನಲ್ಲಿ ಕಡೂರಿನ ಬಿಸಿಲಲ್ಲಿ ಧರಣಿ ಕೂತವನು. ಅಜ್ಜಂಪುರದ ಹತ್ತಿರದ ತಮ್ಮ ಕೇರಿಗೊಂದು ಓದುವ ಕೋಣೆ ಬೇಕು ಎಂದು ಗಂಟಲು ಹರಿಯುವಂತೆ ಕೂಗಿದವನು. ಅಧಿಕಾರಿಗಳು ಗದರಿದರೆ "ಏಕವಚನ ಬ್ಯಾಡ ಸ್ವಾಮಿ" ಎಂದು ಎದುರು ನಿಲ್ಲುತ್ತಿದ್ದ. ಕೋಣೆ ಬಂತು, ಆಮೇಲೆ ಈ ಕೆಲಸವೂ ಬಂತು. ಕುರ್ಚಿ ಸಿಕ್ಕಮೇಲೂ ಅವನ ಗಂಟಲು ಸಣ್ಣದಾಗಲಿಲ್ಲ. ಆದರೆ ಅದು ಈಗ ಕುರ್ಚಿಯ ಕಡೆಯಿಂದ ಕೇಳಿಸುತ್ತಿತ್ತು.

ಆ ವರ್ಷ ಆಯುಧಪೂಜೆಗೆ ಟರ್ಮಿನಲ್‌ಗಳ ಸಿಪಿಯು ಡಬ್ಬಿಗಳನ್ನೆಲ್ಲ ವೈರು ಬಿಚ್ಚಿ ನೆಲಕ್ಕಿಳಿಸಿದರು. ಪೂಜೆಯಲ್ಲಿ ಕೆಂಪರಾಜುವಿಗೆ ನಂಬಿಕೆ ಇಲ್ಲ, ಪುರಿ ಕಡ್ಲೆ ಹಂಚುವುದರಲ್ಲಿ ಇದೆ. ಧೂಳು ಒರೆಸಿ, ಸಾಲಾಗಿ ಇಟ್ಟು, ವಿಭೂತಿ ಕುಂಕುಮ ಬಳಿದದ್ದಾಯಿತು. ಸಂಜೆ ಊರಿಗೆ ಹೊರಡುವ ಅವಸರದಲ್ಲಿ ಕೈಗೆ ಸಿಕ್ಕ ಡಬ್ಬಿಯನ್ನು ಸಿಕ್ಕ ಮೇಜಿಗೆ ಇಟ್ಟು ವೈರು ಚುಚ್ಚಿದ. ನಂಬರಿನ ಚೀಟಿ ಅಂಟಿಸಿದ್ದು ಮೇಜುಗಳಿಗೆ, ಡಬ್ಬಿಗಳಿಗಲ್ಲ. ಹಾಗಾಗಿ ಮೇನ್ ಸಿಸ್ಟಮ್ ಐದು ಎಂದು ಗುರುತಿಟ್ಟುಕೊಂಡಿದ್ದ ಡಬ್ಬಿ ಮೂರನೇ ಮೇಜಿಗೆ ಹೋಯಿತು, ಮೂರರದ್ದು ಐದಕ್ಕೆ. ಒಂದು ಸಲ ಸರಿಯಾಗಿ ನೋಡಿದ್ದರೆ ಗೊತ್ತಾಗುತ್ತಿತ್ತು. ಯಾರು ನೋಡುತ್ತಾರೆ?

ಹಬ್ಬ ಕಳೆದ ವಾರವೇ ಅಮೃತಾಪುರದ ಮಾಯಾ ಬಂದಳು. ವಯಸ್ಸು ನಲವತ್ತರ ಹತ್ತಿರ. ಹಾಸಿಗೆ ಹಿಡಿದ ಅತ್ತೆಯನ್ನು ವರ್ಷಗಟ್ಟಲೆ ನೋಡಿಕೊಂಡವಳು, ಆಮೇಲೆ ರೋಗಿಗಳ ಆರೈಕೆಯ ತರಬೇತಿಗೆ ಸೇರಿದ್ದಳು. ಅವತ್ತು ಅದರ ಆನ್‌ಲೈನ್ ಪರೀಕ್ಷೆ. ಪಾಸಾದರೆ ಒಂದು ನರ್ಸಿಂಗ್ ಹೋಮಿನಲ್ಲಿ ಕೆಲಸ ಕೊಡುತ್ತೇವೆ ಎಂದಿದ್ದರು. ಮೊಬೈಲಿನಲ್ಲಿ ಬರೆಯುವಂತಿಲ್ಲ, ಕಂಪ್ಯೂಟರೇ ಬೇಕು.

"ಸಾರ್, ನಡುವೆ ನಿಲ್ಲಲ್ಲ ಅಲ್ವಾ? ಒಂದ್ಸಲ ಹೊರಗ್ ಬಂದ್ರೆ ಮತ್ತೆ ಒಳಗ್ ಬಿಡಲ್ವಂತೆ."

"ನಾನಿಲ್ವೇನಮ್ಮ? ಮೂರನೇ ಮೇಜಿಗೆ ಕೂತ್ಕೊ."

ಐದನೇ ಮೇಜಿನಲ್ಲಿ ದೇವರಾಜ ಇದ್ದ. ಪೊಲೀಸ್ ಪರೀಕ್ಷೆಗೆ ಓದುತ್ತೇನೆಂದು ಬಂದು ಕ್ರಿಕೆಟ್ ನೋಡುವ ಆಸಾಮಿ. ಅವನ ಮ್ಯಾಚಿನಿಂದ ಎಲ್ಲರ ಇಂಟರ್ನೆಟ್ಟೂ ತೆವಳತೊಡಗಿತು.

"ಲೇ ದೇವರಾಜ, ಬಂದ್ ಮಾಡೋ ಅದನ್ನ."

"ಇನ್ನೊಂದೇ ಓವರ್ ಕಣಣ್ಣ."

"ನಿನ್ ಓವರ್ ನಾನ್ ಮುಗಿಸ್ತೀನಿ ನೋಡು."

ಕೆಂಪರಾಜು ಪರದೆಯಲ್ಲಿ ಐದನ್ನು ಹಿಡಿದ. ಮೂರರಲ್ಲೂ ಐದರಲ್ಲೂ ಓಡುತ್ತಿದ್ದದ್ದು ಬ್ರೌಸರೇ. ಒಳಗಿರುವುದು ಮ್ಯಾಚೋ ಪರೀಕ್ಷೆಯೋ ಎಂದು ಮೇನ್ ಸಿಸ್ಟಮ್ ಹೇಳುವುದಿಲ್ಲ. ಬ್ರೌಸರನ್ನು ಮುಗಿಸಿದ. ಸಿಟ್ಟು ಇಳಿಯದೆ ರೀಸ್ಟಾರ್ಟೂ ಒತ್ತಿದ.

"ಸಾರ್! ಸಾರ್, ಇದು ಹೋಯ್ತು!"

ಕೂಗಿದ್ದು ಮಾಯಾ. ಅವಳ ಮುಂದಿನ ಪರದೆ ಕಪ್ಪಾಗಿತ್ತು. ದೇವರಾಜನ ಮೇಜಿನಲ್ಲಿ ಬೌಲರ್ ಇನ್ನೂ ಓಡಿ ಬರುತ್ತಿದ್ದ.

ಕೆಂಪರಾಜುವಿಗೆ ಆ ಗಳಿಗೆಯಲ್ಲೇ ತಿಳಿಯಿತು. ಡಬ್ಬಿಗಳು, ಮೇಜುಗಳು, ಹಬ್ಬದ ಸಂಜೆ, ಎಲ್ಲವೂ. ತಿಳಿದೂ ಅವನ ಬಾಯಿ ಬೇರೆಯದನ್ನೇ ಆಡಿತು.

"ಏನ್ ಒತ್ತಿದೆ ನೀನು?"

"ನಾನೇನೂ ಒತ್ತಿಲ್ಲ ಸಾರ್, ಬರೀ ಉತ್ತರ..."

"ಒತ್ತದೇ ಹೋಗ್ತದಾ? ಗೊತ್ತಿಲ್ದಿದ್ರೆ ಮುಟ್ಬಾರ್ದು ಕಣಮ್ಮ!"

ಬಸವರಾಜಪ್ಪನವರು ಪೇಪರಿನ ಮೇಲಿಂದ ನೋಡಿ, "ಮೊದ್ಲು ಕಲ್ತು ಬರ್ಬೇಕು ಕಣಮ್ಮ" ಎಂದರು. ದೇವರಾಜ ನಕ್ಕ. ಟರ್ಮಿನಲ್ ಎದ್ದಮೇಲೆ ಮಾಯಾ ಮತ್ತೆ ಒಳಹೋಗಲು ನೋಡಿದಳು. ನಡುವೆ ಹೊರಹೋಗಿದ್ದೀರಿ, ನಕಲಿನ ಅನುಮಾನವಿದೆ, ಪರೀಕ್ಷೆ ರದ್ದು ಎಂದು ಬಂತು. ಅವಳು ಅದನ್ನು ಎರಡು ಸಲ ಓದಿ, ಸೆರಗಿನಿಂದ ಮುಖ ಒರೆಸಿಕೊಂಡು, "ತಪ್ಪಾಯ್ತು ಸಾರ್" ಎಂದು ಹೇಳಿ ಹೋದಳು.

ಆ ತಪ್ಪಾಯ್ತು ಎಂಬ ಮಾತು ಕೆಂಪರಾಜುವಿಗೆ ಜೀರ್ಣವಾಗಲಿಲ್ಲ. ಮುಟ್ಟಬಾರದು ಎಂಬ ಮಾತನ್ನು ಅವನು ಚಿಕ್ಕಂದಿನಲ್ಲಿ ಯಾರ ಬಾಯಲ್ಲಿ, ಯಾವ ದನಿಯಲ್ಲಿ ಕೇಳಿದ್ದನೋ ಅದೇ ದನಿ ತನ್ನ ಗಂಟಲಿಂದ ಬಂದಿತ್ತು, ಅದೂ ತನ್ನ ಕೇರಿಯಂಥದೇ ಕೇರಿಯ ಹೆಂಗಸಿಗೆ. ಮೂರ್ನಾಲ್ಕು ದಿನ ಅನ್ನ ಸೇರಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಉಂಡ, ಮಲಗಿದ, ಕೆಲಸಕ್ಕೆ ಬಂದ. ಡಬ್ಬಿಗಳನ್ನು ಯಾರಿಗೂ ಕಾಣದಂತೆ ಅದಲುಬದಲು ಮಾಡಿ ಸರಿಯಾಗಿ ಇಟ್ಟ. ಇಟ್ಟ ಮೇಲೆ ಇನ್ನೂ ಅಸಹ್ಯವಾಯಿತು. ಕಳ್ಳ ಹೆಜ್ಜೆಗುರುತು ಒರೆಸಿದಂತಿತ್ತು ಆ ಕೆಲಸ.

ರಜೆಯ ದಿನ ಅಮೃತಾಪುರದ ಬಸ್ಸು ಹತ್ತಿದ. ಪೂಜೆ, ಅವಸರ, ನಂಬರು, ದೇವರಾಜ ಎಂದು ದಾರಿಯುದ್ದಕ್ಕೂ ಸಬೂಬು ಜೋಡಿಸಿಕೊಂಡ. ಮನೆ ವಿಚಾರಿಸಿಕೊಂಡು ಹೋದಾಗ ಮಾಯಾ ಬಾಗಿಲಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ಎದ್ದು ನಿಂತಳು.

"ನೀನೇನೂ ಒತ್ತಿರ್ಲಿಲ್ಲಮ್ಮ. ಆಫ್ ಮಾಡಿದ್ದು ನಾನು."

ಡಬ್ಬಿಗಳ ಕತೆ ಹೇಳಿದ. ಅವಳು ಕೇಳಿ ಮುಗಿಸಿದ ಮೇಲೆ ಕೇಳಿದ್ದು ಒಂದೇ.

"ನಿಮ್ಗೆ ಯಾವಾಗ ಗೊತ್ತಾಯ್ತು ಸಾರ್?"

"ನೀನ್ ಕೂಗಿದಾಗ್ಲೇ."

ಮಾಯಾ ಸಿಪ್ಪೆಗಳನ್ನು ಕಾಲಿನಿಂದ ಒತ್ತಟ್ಟಿಗೆ ತಳ್ಳಿದಳು. "ಈ ವಯಸ್ಸಲ್ಲಿ ಇವಳಿಗೆ ಕಂಪ್ಯೂಟರ್ ಯಾಕ್ ಬೇಕಿತ್ತು ಅಂತ ಮನೇಲಿ ಎಲ್ರೂ ಅಂದ್ರು. ನಂಗೂ ಹೌದು ಅನ್ನಿಸ್ತು. ಏನೋ ಒತ್ಬಿಟ್ಟಿದೀನಿ ಅಂತ ನಂಬ್ಕೊಂಡಿದ್ದೆ ಸಾರ್. ಯಾವ್ದು ಒತ್ತಿದೆ ಅಂತ ಯೋಚ್ನೆ ಮಾಡಿ ಮಾಡಿ ತಲೆ ಕೆಟ್ಟೋಗಿತ್ತು."

ಕೆಂಪರಾಜು ಜೇಬಿನಿಂದ ಫೋನ್ ತೆಗೆದ. "ತರಬೇತಿಯವರಿಗೆ ನಾನೇ ಫೋನ್ ಮಾಡ್ತೀನಿ. ನಂಬರ್ ಕೊಡು, ಈಗ್ಲೇ ಮಾಡ್ತೀನಿ."

"ಇಲ್ಲಿ ಬ್ಯಾಡ. ನಾಳೆ ಲೈಬ್ರರೀಲಿ ಮಾಡಿ. ನಂಗೆ ಅಂದಿದ್ದು ಅಲ್ಲೇ ಅಲ್ವಾ?"

ಮರುದಿನ ಎಲ್ಲರೂ ಇರುವಾಗ ಅವಳು ಬಂದು ಅವನ ಎದುರು ಕೂತಳು. ಕೆಂಪರಾಜು ಫೋನ್ ಮಾಡಿದ. ಆ ಕಡೆಯ ಹುಡುಗಿಗೆ ಸರಿಯಾಗಿ ಕೇಳಿಸದೆ, ಯಾರು ಆಫ್ ಮಾಡಿದ್ದು ಎಂದು ಮತ್ತೆ ಮತ್ತೆ ಕೇಳಿದಳು. ಕೊನೆಗೆ ಅವನು ಗಟ್ಟಿಯಾಗಿ ಹೇಳಲೇಬೇಕಾಯಿತು. "ನಾನೇ ಮೇಡಂ, ಲೈಬ್ರರಿಯವನು. ಆಯಮ್ಮನದೇನೂ ತಪ್ಪಿಲ್ಲ. ನಾನೇ ಆಫ್ ಮಾಡಿ ಆಯಮ್ಮನ ಮೇಲೆ ಹಾಕ್ದೆ." ದೇವರಾಜ ಬೆನ್ನು ತಿರುಗಿಸಿಕೊಂಡು ಕೂತ. ಬಸವರಾಜಪ್ಪನವರು ಪೇಪರನ್ನು ಇನ್ನೂ ಮೇಲೆತ್ತಿ ಹಿಡಿದರು.

ನೋಡುತ್ತೇವೆ ಎಂದ ಸಂಸ್ಥೆ ಹದಿನೈದು ದಿನ ಸತಾಯಿಸಿ, ಕೊನೆಗೆ ಪರೀಕ್ಷೆಗೆ ಇನ್ನೊಂದು ದಿನ ಕೊಟ್ಟಿತು.

ಆ ದಿನ ಕೆಂಪರಾಜು ಬೇಗ ಬಂದು ಕಸ ಗುಡಿಸಿದ, ಮೂರನೇ ಮೇಜನ್ನು ಒರೆಸಿದ. ಮಾಯಾ ಬಂದವಳು ನಿಂತೇ ಇದ್ದಳು.

"ಕೂತ್ಕೊಳಮ್ಮ. ಎಲ್ಲ ಸರಿ ಮಾಡಿದೀನಿ."

"ಒಂದ್ ಮಾತು ಸಾರ್. ಬೇಜಾರ್ ಮಾಡ್ಕೋಬ್ಯಾಡಿ. ನಾನ್ ಬರ್ದು ಮುಗಿಸೋವರ್ಗೂ ನೀವು ಆ ಮೇನ್ ಸಿಸ್ಟಮ್ ಹತ್ರ ಕೂರ್ಬ್ಯಾಡಿ."

"ಆಯ್ತು, ಆ ಬೆಂಚಿನ ಮೇಲೆ ಕೂತಿರ್ತೀನಿ."

"ಹೊರಗಿರಿ ಸಾರ್."

ಕೆಂಪರಾಜು ಎದ್ದು ಹೊರಗೆ ಬಂದು ಮೆಟ್ಟಿಲ ಮೇಲೆ, ಓದುಗರ ಚಪ್ಪಲಿಗಳ ಪಕ್ಕ ಕೂತ. ಬಸವರಾಜಪ್ಪನವರು ಕೋಲೂರುತ್ತ ಬಂದರು.

"ಏನಪ್ಪಾ, ಇಲ್ಲಿ ಕೂತಿದೀಯ?"

"ಒಳಗೆ ಪರೀಕ್ಷೆ ನಡೀತೈತೆ."

"ನಡೀಲಿ. ನೀನ್ಯಾಕೆ ಹೊರಗೆ?"

ಒಳಗೆ ಸೆಕೆ ಎನ್ನಬಹುದಿತ್ತು. ಆ ಸುಳ್ಳು ನಾಲಗೆಯ ತುದಿಗೆ ಬಂದೂ ಆಗಿತ್ತು. ಕೆಂಪರಾಜು ಅದನ್ನು ನುಂಗಿದ.

"ನಾನ್ ಒಳಗಿದ್ರೆ ಆಯಮ್ಮಂಗೆ ಭಯ ಕಣಣ್ಣ" ಎಂದ.