ಟವೆಲಿನ ಕೆಳಗಿನ ಕೈ

ಮೊನ್ನೆ ಶಹಾಪುರದ ಬಸ್ ನಿಲ್ದಾಣದ ಎದುರಿನ ಬಟ್ಟೆ ಅಂಗಡಿಯಲ್ಲಿ ಮೊಮ್ಮಗಳಿಗೆ ಫ್ರಾಕು ನೋಡುತ್ತಿದ್ದೆ. ಅಂಗಡಿಯವ ಪಕ್ಕದ ಗಿರಾಕಿಗೆಂದು ಹೊಸ ಟವೆಲ್ ಒಂದನ್ನು ಕೊಡವಿ ಬಿಚ್ಚಿದ. ಗಂಜಿಯ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಬಲಗೈ ತಾನಾಗಿ ಜೇಬಿನೊಳಗೆ ಹೋಗಿ ಅಡಗಿತು. ನಗಬೇಡಿ, ಆ ಕೈಗೆ ಅದರದೇ ಒಂದು ಕಥೆಯಿದೆ.

ಅಪ್ಪ ಕೆಂಭಾವಿ ಸಂತೆಯಲ್ಲಿ ದನದ ದಲ್ಲಾಳಿ. ಅಲ್ಲಿ ಎತ್ತಿನ ಬೆಲೆಯನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಇಬ್ಬರ ಕೈ ಮೇಲೆ ಟವೆಲ್ ಮುಚ್ಚಿ, ಒಳಗೆ ಬೆರಳು ಹಿಡಿದು ತಿಳಿಸುತ್ತಾರೆ. ಸುತ್ತ ನಿಂತವರಿಗೆ ಮುಖ ಮಾತ್ರ ಕಾಣುತ್ತದೆ. ನಮ್ಮದು ಊರ ಹೊರಗಿನ ಕೇರಿ. ಹಾಗಾಗಿ ಕೆಲವು ದೊಡ್ಡ ರೈತರು ಅಪ್ಪನ ಟವೆಲಿನ ಕೆಳಗೆ ಕೈ ಇಡುತ್ತಿರಲಿಲ್ಲ, ದೂರ ನಿಂತು ಬೆಲೆ ಕೂಗುತ್ತಿದ್ದರು. ಚಿಕ್ಕಂದಿನಿಂದ ನೋಡಿದ್ದರಿಂದ ನನಗದು ವಿಶೇಷ ಅನ್ನಿಸಿರಲಿಲ್ಲ.

ಕಾಲುವೆ ನೀರು ಬಂದು ಜೋಳದ ಹೊಲಗಳೆಲ್ಲ ಭತ್ತದ ಗದ್ದೆಯಾದ ಕಾಲ. ಟ್ರ್ಯಾಕ್ಟರುಗಳು ಬಂದವು, ಎತ್ತು ಕೇಳುವವರು ಕಡಿಮೆಯಾದರು. ಮಗ ದನದ ಡಾಕ್ಟರ್ ಆಗಬೇಕೆಂಬುದೊಂದೇ ಅಪ್ಪನ ಹಟ. ಕಾಲೇಜಿನಿಂದ ಸಂದರ್ಶನಕ್ಕೆ ಕರೆ ಬಂದಾಗ ಹೊಸ ಟವೆಲ್ ತಂದು ನನ್ನ ಹೆಗಲಿಗೆ ಹಾಕಿ, ತಾನೂ ಜೊತೆಗೆ ಹೊರಟ. ಇಸ್ತ್ರಿ ಮಾಡಿದ ಪ್ಯಾಂಟು, ಮೇಲೊಂದು ಟವೆಲ್. ಹೇಗೆ ಕಾಣುತ್ತಿದ್ದೆನೋ ನೀವೇ ಊಹಿಸಿಕೊಳ್ಳಿ.

ದನಗಳ ತಿಳಿವಳಿಕೆ ಎಷ್ಟಿದೆಯೆಂದು ನೋಡಲು ನಮ್ಮನ್ನು ಒಬ್ಬೊಬ್ಬರಾಗಿ ಕೊಟ್ಟಿಗೆಗೇ ಕರೆದೊಯ್ದರು. ಅಲ್ಲಿ ಕಟ್ಟಿದ್ದ ಜೋಡಿ ಎತ್ತಿನ ಹಲ್ಲು ನೋಡಿ ವಯಸ್ಸು ಹೇಳಿದೆ, ಮೈಮೇಲಿನ ಸುಳಿ ತೋರಿಸಿದೆ. ಮೂವರು ಪರೀಕ್ಷಕರಲ್ಲಿ ಹಿರಿಯರೊಬ್ಬರು ತಲೆದೂಗುತ್ತಿದ್ದರು. ಸೀಟು ಸಿಕ್ಕೇಹೋಯಿತೆಂದು ಒಳಗೊಳಗೇ ಉಬ್ಬಿದೆ. ಆಗ ಅವರು, “ನಿಮ್ಮ ಸಂತೆಯಲ್ಲಿ ಈ ಜೋಡಿ ಎಷ್ಟಕ್ಕೆ ಹೋಗುತ್ತಪ್ಪಾ?” ಎಂದು ಕೇಳಿದರು.

ಎತ್ತಿನ ಎದುರು ನಿಂತು ಬೆಲೆ ಹೇಳಲು ನನಗೆ ಗೊತ್ತಿದ್ದ ದಾರಿ ಒಂದೇ. ನೆಟ್ಟಗೆ ಹೋಗಿ ಅವರ ಕೈ ಮೇಲೆ ಟವೆಲ್ ಮುಚ್ಚಿ ಬೆರಳು ಹಿಡಿದೆ.

ಉಳಿದಿಬ್ಬರು ಹೊಟ್ಟೆ ಹಿಡಿದುಕೊಂಡು ನಕ್ಕರು. ವ್ಯಾಪಾರ ಕುದುರಿತೇ ಎಂದು ಒಬ್ಬರು ಛೇಡಿಸಿದರು. ಬೆಂಕಿ ಮುಟ್ಟಿದವನ ಹಾಗೆ ಕೈ ಎಳೆದುಕೊಂಡೆ, ಟವೆಲ್ ಸಗಣಿಯ ಮೇಲೆ ಬಿತ್ತು. ಆಮೇಲಿನ ಪ್ರಶ್ನೆಗಳಿಗೆ ಏನು ಹೇಳಿದೆನೋ ನೆನಪಿಲ್ಲ.

ಹೊರಗೆ ಬೇವಿನ ಗಿಡದ ಕೆಳಗೆ ಕೂತಿದ್ದ ಅಪ್ಪನ ಮೇಲೆ ಹರಿಹಾಯ್ದೆ. ನಿನ್ನ ಟವೆಲಿನಿಂದ ಮಾನವೂ ಹೋಯಿತು, ಸೀಟೂ ಹೋಯಿತು ಎಂದೆ. ನಡೆದದ್ದನ್ನೆಲ್ಲ ಅವನು ಕೇಳಿಸಿಕೊಂಡ. ನಗಲಿಲ್ಲ, ಬೈಯಲೂ ಇಲ್ಲ.

“ಆ ಸಾಹೇಬ್ರು ಕೈ ಹಿಂದಕ್ಕ ತಗೊಂಡ್ರೇನು?”

“ಇಲ್ಲ. ನಾನ ತಗೊಂಡ್ನಿ.”

ಅಪ್ಪ ತನ್ನ ಅಂಗೈ ನೋಡಿಕೊಂಡ. “ಅವ್ರು ಬಿಡಲಿಲ್ಲಂದ್ರ, ನೀ ಯಾಕ ಬಿಟ್ಟಿ ತಮ್ಮಾ?”

ಸೀಟು ಸಿಕ್ಕಿತು. ಆ ಹಿರಿಯರೇ ನಮಗೆ ಪಾಠ ಮಾಡಿದರು. ಓದು ಮುಗಿಯುವವರೆಗೂ ನಾನು ಹಿಂದಿನ ಬೆಂಚು ಬಿಡಲಿಲ್ಲ, ಅವರು ಎದುರಾದರೆ ದಾರಿ ಬದಲಿಸುತ್ತಿದ್ದೆ. ಡಾಕ್ಟರಾಗಿ ಸುರಪುರ, ಕಕ್ಕೇರಾ ಕಡೆಯ ಕೊಟ್ಟಿಗೆಗಳನ್ನೆಲ್ಲ ಸುತ್ತಿದೆ. ಹೆಗಲಿಗೆ ಮಾತ್ರ ಟವೆಲ್ ಹಾಕಲಿಲ್ಲ. ಈಗ ಆ ಹಿರಿಯರೂ ಇಲ್ಲ, ಅಪ್ಪನೂ ಇಲ್ಲ. ಅಪ್ಪನ ಆ ಪ್ರಶ್ನೆ ನೆನಪಾದಾಗಲೆಲ್ಲ ನಾಚಿಕೆಯಿಂದ ಕುಗ್ಗಿಹೋಗುತ್ತೇನೆ.

ಫ್ರಾಕಿನ ಜೊತೆ ಅಂಥದೇ ಒಂದು ಟವೆಲ್ ಕೊಡಲು ಹೇಳಿದೆ. ಚೀಲಕ್ಕೆ ಹಾಕಗೊಡದೆ ಹೆಗಲಿಗೇರಿಸಿದೆ. ಪಕ್ಕದ ಗಿರಾಕಿ ಆಗ ಗುರುತು ಹಿಡಿದು, ಆರಾಮ ಅದೀರೇನ್ರಿ ಡಾಕ್ಟರ್ ಎನ್ನುತ್ತ ಕೈ ಚಾಚಿದ. ಜೇಬಿನಿಂದ ಕೈ ಹೊರತೆಗೆದೆ. ಅವನಾಗಿ ಬಿಡುವವರೆಗೂ ಹಿಡಿದುಕೊಂಡೇ ಇದ್ದೆ.