ಕಾಜಲ್‌ಳ ಶ್ರೀಖಂಡದ ಡಬ್ಬಿ

ನನ್ನ ನಾದಿನಿ ಕಾಜಲ್ ಎಂ.ಎಸ್ಸಿ. ಓದುತ್ತಾಳೆ, ಸೂಕ್ಷ್ಮಜೀವಿಶಾಸ್ತ್ರ. ಮಮದಾಪುರದ ನಮ್ಮ ಮನೆಯಿಂದ ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಿದವಳು ಅವಳೊಬ್ಬಳೇ. ಹಾಸ್ಟೆಲಿನ ಹುಡುಗಿಯರಿಗೆ ಅವಳು ಡಾಕ್ಟರಬಾಯಿ.

ಅವಳ ಟ್ರಂಕಿನಲ್ಲಿ ಶ್ರೀಖಂಡದ ಖಾಲಿ ಡಬ್ಬಿಯೊಂದಿದೆ. ಯಾರಿಗೆ ಜ್ವರ ಬಂದರೂ ಡಾಕ್ಟರು ಬರೆದುಕೊಟ್ಟ ಆಂಟಿಬಯೋಟಿಕ್ ಗುಳಿಗೆಯನ್ನು ಎರಡು ದಿನ ನುಂಗಿ, ಉಳಿದದ್ದನ್ನು ಅದರಲ್ಲಿ ಹಾಕಬೇಕು. ಅದು ಆ ಕೋಣೆಯ ರೀತಿ. ಪೂರ್ತಿ ನುಂಗಿದವಳನ್ನು ಹೊಟ್ಟೆಬಾಕಿ ಎಂದು ಕಾಡುತ್ತಾರಂತೆ.

ದೀಪಾವಳಿಗೆ ಬಂದಾಗ ಡಬ್ಬಿ ಚೀಲದಲ್ಲೇ ಇತ್ತು. ನನ್ನ ಮಗಳಿಗೆ ಕೆಮ್ಮು. ಕಾಜಲ್ ಅರ್ಧ ಗುಳಿಗೆ ಮುರಿದುಕೊಟ್ಟಳು.

“ಐದು ದಿನ ಕೊಡಬೇಕಲ್ಲ?” ಎಂದೆ.

“ವೈನಿ, ಭಾಳ ಅಂಜತೀರಿ ನೀವು. ಕಡಿಮಿ ಆತಂದ್ರ ಮುಗೀತು. ಉಳದದ್ದು ಇನ್ನೊಬ್ಬಾಕಿಗೆ ಬರ್ತೈತಿ.”

“ಪರೀಕ್ಷೆಯಲ್ಲೂ ಹೀಗೇ ಬರೆದೆಯಾ?”

“ಅಲ್ಲಿ ಬ್ಯಾರೆ ಬರದೇನ್ರಿ, ಅರ್ಧಕ್ಕ ಬಿಟ್ರ ರೋಗಾಣು ಆ ಔಷಧಕ್ಕ ಬಗ್ಗೂದಿಲ್ಲಂತ. ಪೂರಾ ಮಾರ್ಕ್ ಬಂದಾವ!” ಎಂದು ನಕ್ಕಳು.

ನೀರನ್ನು ಎರಡು ಸಲ ಕಾಯಿಸುವ ನಾನು, ಹುಬ್ಬಳ್ಳಿಯಲ್ಲಿ ಓದಿದ ನಾನು, ಆ ಅರ್ಧ ಗುಳಿಗೆಯನ್ನು ಜೇನಿನಲ್ಲಿ ತೇದು ಮಗುವಿಗೆ ನೆಕ್ಕಿಸಿದೆ.

ಕಾಜಲ್‌ಳಿಗೇ ಎರಡು ವರ್ಷದಿಂದ ಉರಿಮೂತ್ರವಿದೆ ಎಂಬುದು ನಮಗಾರಿಗೂ ಗೊತ್ತಿರಲಿಲ್ಲ. ನಾಚಿಕೆ. ಉರಿದಾಗೆಲ್ಲ ಡಬ್ಬಿಯಲ್ಲಿ ಸಿಕ್ಕಿದ್ದನ್ನು ಎರಡು ದಿನ ನುಂಗುವುದು, ಸುಮ್ಮನಾಗುವುದು. ಈ ಸಲ ಚಳಿಜ್ವರ ಬಂದು, ಬೆನ್ನು ಹಿಡಿದು, ತರಗತಿಯಲ್ಲೇ ಬಿದ್ದಳು. ಗೋಕಾಕದ ಆಸ್ಪತ್ರೆಗೆ ತಂದು ಇಂದಿಗೆ ಒಂಬತ್ತು ದಿನ.

ಮೂತ್ರ ಪರೀಕ್ಷೆಯ ವರದಿ ಬಂದಾಗ ಅವಳೇ ಕೇಳಿ ಇಸಿದುಕೊಂಡಳು. ಔಷಧಿಗಳ ಉದ್ದನೆಯ ಪಟ್ಟಿ. ಒಂದನ್ನು ಬಿಟ್ಟು ಉಳಿದೆಲ್ಲದರ ಮುಂದೆಯೂ ಆರ್ ಎಂಬ ಅಕ್ಷರ, ಅಂದರೆ ಆ ಔಷಧಿಗೆ ರೋಗಾಣು ಬಗ್ಗುವುದಿಲ್ಲ. ಬೆರಳಿಟ್ಟು ಕೊನೆಯವರೆಗೂ ಓದಿದಳು.

“ವೈನಿ, ಇವೆಲ್ಲಾ ನಮ್ಮ ಡಬ್ಯಾಗ ಇದ್ದೂವು.”

ಉಳಿದಿದ್ದು ಒಂದೇ ಇಂಜೆಕ್ಷನ್. ಮೂರು ದಿನ ನೋಡೋಣ ಎಂದಿದ್ದರು ಡಾಕ್ಟರು. ಇಂದು ನಾಲ್ಕನೆಯದು. ಜ್ವರ ಇಳಿದಿಲ್ಲ, ನಿನ್ನೆಯಿಂದ ಮೂತ್ರವೂ ಕಡಿಮೆ. ಡಾಕ್ಟರು ಈಗ ನಮ್ಮ ಮುಖ ನೋಡದೆ ಮಾತಾಡುತ್ತಾರೆ. ಮನೆಯಲ್ಲಿ ಮಗಳು ಮತ್ತೆ ಕೆಮ್ಮುತ್ತಿದ್ದಾಳೆ.

ಮಧ್ಯಾಹ್ನ ಅವಳ ಕೋಣೆಯ ಗೆಳತಿ ಕೈನಾತ ಬಂದಳು. ಕಾಜಲ್‌ಳ ಕೈ ಹಿಡಿದು ಬಹಳ ಹೊತ್ತು ಅತ್ತಳು. ಹೊರಡುವಾಗ ಬಾಗಿಲಲ್ಲಿ ನಿಂತು ಮೆಲ್ಲಗೆ ಕೇಳಿದಳು:

“ವೈನಿ, ಟ್ರಂಕಿನ ಚಾವಿ ಕೊಡ್ತೀರೇನ್ರಿ? ಗಂಟಲಾ ಭಾಳ ನೋಯಾಕತ್ತೈತಿ. ನಾಳೆ ಪರೀಕ್ಷಿ ಬ್ಯಾರೆ.”

ಕೊಡುವುದಿಲ್ಲ ಎಂದೆ. ನನ್ನ ದನಿ ಏರಿತ್ತು.

“ಇರ್ಲಿ ಬಿಡ್ರಿ. ಬಾಜೂ ಖೋಲ್ಯಾಗೂ ಒಂದ ಡಬ್ಬಿ ಐತಿ.”

ಕಾಜಲ್ ಕಣ್ಣು ತೆರೆದು ಅವಳನ್ನೇ ನೋಡುತ್ತಿದ್ದಳು. ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಚಳಿ ಬಂತು, ಹಲ್ಲು ಕಟಕಟ ಎಂದವು. ಕೈನಾತಳ ಚಪ್ಪಲಿಯ ಸದ್ದು ಮೆಟ್ಟಿಲಿಳಿಯುತ್ತಿತ್ತು.