ಅದು ಹೊರಡುವ ಶಬ್ದ, ಇದು ಬರುವ ಶಬ್ದ

ಮನೆಯವರು ಬರುವುದನ್ನು ಕಣ್ಣಿಗಿಂತ ಮೊದಲು ಕಿವಿ ಅರಿಯುತ್ತದೆ. ಶಿರಸಿಯ ನಮ್ಮ ಓಣಿಯಲ್ಲಿ ದಿನಕ್ಕೆ ನೂರು ಸ್ಕೂಟರ್ ಓಡಾಡಿದರೂ ನನ್ನ ಸ್ಕೂಟರು ತಿರುವಿಗೆ ಬರುತ್ತಿದ್ದಂತೆ ನನ್ನ ಹೆಂಡತಿಗೆ ಗೊತ್ತಾಗುತ್ತದೆ. ಅದಕ್ಕೆ ಅನುರಾಗವೇ ಕಾರಣವೆಂದು ಬಹಳ ವರ್ಷ ನಂಬಿದ್ದೆ. ಸೈಲೆನ್ಸರ್ ಒಡೆದಿದೆಯೆಂದು ಗ್ಯಾರೇಜಿನವನು ಹೇಳಿದ ಮೇಲೆ ಆ ನಂಬಿಕೆಯನ್ನು ಸ್ವಲ್ಪ ತಿದ್ದಿಕೊಳ್ಳಬೇಕಾಯಿತು. ನಮ್ಮ ಸುಮತಕ್ಕನ ವಿಷಯದಲ್ಲಿ ಮಾತ್ರ ಇಂಥ ಸಂದೇಹಕ್ಕೆ ಆಸ್ಪದವಿರಲಿಲ್ಲ. ಅವಳ ಗಂಡ ಮನೆಗೆ ಬರುವ ಸೂಚನೆಯನ್ನು ಹತ್ತು ವರ್ಷಗಳ ಕಾಲ ಅವಳಿಗೆ ಕೊಟ್ಟದ್ದು ಒಂದು ಯುದ್ಧವಿಮಾನ.

ಸುಮತಕ್ಕ ನನ್ನ ಒಡಹುಟ್ಟಿದ ಅಕ್ಕ. ಭಾವ ಶ್ರೀಪಾದ ಶಿರಸಿ ಹತ್ತಿರದ ಹುಲೇಕಲ್ಲಿನವನು. ನೌಕಾಪಡೆ ಸೇರಿ ಸೀ ಹ್ಯಾರಿಯರ್ ಎಂಬ ವಿಮಾನದ ಎಂಜಿನ್ ಮೆಕ್ಯಾನಿಕ್ ಆದ. ನಾನೋ ಕಾಲೇಜಿನಲ್ಲಿ ಕನ್ನಡ ಮೇಷ್ಟ್ರು. "ನೀನೂ ಶಬ್ದದ ಮೇಲೇ ಬದುಕವ, ಆನೂ ಶಬ್ದದ ಮೇಲೇ ಬದುಕವ. ಆದ್ರೆ ಯನ್ನ ಶಬ್ದಕ್ಕೆ ಕಿವಿ ಮುಚ್ಚಿಗಳವು, ನಿನ್ನ ಶಬ್ದಕ್ಕೆ ಕಣ್ಣು ತನ್ನಷ್ಟಕ್ಕೇ ಮುಚ್ತು," ಎಂದು ರಜೆಗೆ ಬಂದಾಗಲೆಲ್ಲ ಅವನು ನಮ್ಮ ಹವ್ಯಕ ಮಾತಿನಲ್ಲಿ ನನ್ನನ್ನು ಛೇಡಿಸುತ್ತಿದ್ದ. ನನ್ನ ತರಗತಿಯ ಹಿಂದಿನ ಬೆಂಚುಗಳ ಸ್ಥಿತಿ ಅವನಿಗೆ ಹೇಗೆ ತಿಳಿಯಿತೋ ಕಾಣೆ.

ಆ ವಿಮಾನದ ಪುರಾಣವನ್ನು ನಾನು ಕೇಳಿದ್ದು ಅವನ ಬಾಯಿಂದಲೇ. ಯುದ್ಧ ಶುರುವಾದರೆ ವೈರಿ ಮೊದಲು ಬಾಂಬು ಹಾಕುವುದು ರನ್‌ವೇಗೆ. ಹಾಗಾದರೆ ರನ್‌ವೇಯೇ ಬೇಡದ ವಿಮಾನವೊಂದಿದ್ದರೆ? ಈ ಚಿಂತೆ ಹಲವು ದೇಶಗಳ ಎಂಜಿನಿಯರುಗಳನ್ನು ಕಾಡಿತಂತೆ. ಕೆಲವರು ವಿಮಾನವನ್ನು ಬಾಲದ ಮೇಲೆ ನೆಟ್ಟಗೆ ನಿಲ್ಲಿಸಿ ನೋಡಿದರು, ಕೆಲವರು ಎತ್ತುವುದಕ್ಕೊಂದು, ಓಡುವುದಕ್ಕೊಂದು ಎಂದು ಬೇರೆ ಬೇರೆ ಎಂಜಿನ್ ಹೇರಿದರು. ಬ್ರಿಟನ್ನಿನವರಿಗೆ ಹೊಳೆದದ್ದು ಸರಳ ಉಪಾಯ: ಎಂಜಿನ್ ಒಂದೇ, ಅದರ ಉಸಿರು ಹೊರಬೀಳಲು ಅತ್ತಿತ್ತ ಎರಡೆರಡರಂತೆ ನಾಲ್ಕು ಮೂತಿ. ಮೂತಿಗಳನ್ನು ಹಿಂದಕ್ಕೆ ತಿರುಗಿಸಿದರೆ ವಿಮಾನ ಮುಂದೆ ಓಡುತ್ತದೆ; ನೆಲಕ್ಕೆ ತಿರುಗಿಸಿದರೆ ಇದ್ದಲ್ಲೇ ಏಳುತ್ತದೆ. ಮೊದಮೊದಲು ಅದು ಎದ್ದು ಅಡ್ಡಾದಿಡ್ಡಿ ಹೋಗದಿರಲೆಂದು ಹಗ್ಗ ಕಟ್ಟಿ, ಅಂಗಳದ ಕರುವಿನ ಹಾಗೆ ಎಬ್ಬಿಸಿ ನೋಡಿದರಂತೆ. ಶಬ್ದದ ವೇಗವನ್ನು ಮೀರಿ ಓಡುವ ತಾಕತ್ತು ಅದಕ್ಕಿರಲಿಲ್ಲ. ಆದರೆ ಬಾಂಬು, ಕ್ಷಿಪಣಿ ಹೊತ್ತು ಹಡಗಿನ ಪುಟ್ಟ ಬಯಲಿನಿಂದ ಹಾರಿ, ಕೆಲಸ ಮುಗಿಸಿ, ಅದೇ ಬಯಲಿನ ಮೇಲೆ ಬಂದು ಗಾಳಿಯಲ್ಲಿ ನಿಂತು ಇಳಿಯುವ ವಿದ್ಯೆ ಅದಕ್ಕಿತ್ತು.

"ಹಾಗಾದರೆ ಏರುವಾಗಲೂ ನೆಟ್ಟಗೇ ಏರಬಹುದಲ್ಲ?" ಎಂದು ನಾನೊಮ್ಮೆ ಜಾಣತನ ತೋರಿಸಿದ್ದೆ.

"ಏರ್ತು. ಆದ್ರೆ ಎಣ್ಣೆ, ಬಾಂಬು ಎಲ್ಲ ಹೊತ್ಗಂಡು ಏರಲೆ ಆಗ್ತಿಲ್ಲೆ. ಅದಕ್ಕೇ ಹೋಪಾಗ ಸ್ವಲ್ಪ ಓಡಿ ಹಾರ್ತು. ಬಪ್ಪಾಗ ಹಗುರ ಆಗಿರ್ತು, ನಿಂತು ಇಳೀತು," ಎಂದಿದ್ದ ಭಾವ. ಹಾಗೆ ಗಾಳಿಯಲ್ಲಿ ನಿಂತಾಗ ಎಂಜಿನ್ ವಿಪರೀತ ಕಾಯುತ್ತದೆ. ಅದನ್ನು ತಣಿಸಲು ಒಳಗೆ ಶುದ್ಧಜಲದ ಟ್ಯಾಂಕು. ಆ ನೀರು ಬರುವುದು ಸುಮಾರು ಒಂದೂವರೆ ನಿಮಿಷ. ಅಷ್ಟರೊಳಗೆ ಇಳಿಯಬೇಕು. ಆ ಟ್ಯಾಂಕು ತುಂಬಿಸುವುದೂ ಭಾವನ ಕೆಲಸಗಳಲ್ಲೊಂದಾಗಿತ್ತು.

ಅಕ್ಕನ ಸಂಸಾರ ಗೋವಾದಲ್ಲಿ, ವಿಮಾನನೆಲೆಯ ಸಮೀಪದ ಕ್ವಾರ್ಟರ್ಸಿನಲ್ಲಿ. ಸಂಜೆ ಒಣಬಟ್ಟೆ ತೆಗೆಯುವ ಹೊತ್ತಿಗೆ ಆ ಸದ್ದು ಬರುತ್ತಿತ್ತಂತೆ. ಕಪಾಟಿನ ಸ್ಟೀಲ್ ಲೋಟಗಳು ನಡುಗುತ್ತ ಅಂಚಿಗೆ ಸರಿಯುತ್ತಿದ್ದವು. ಅಕ್ಕಪಕ್ಕದವರು ಕಿವಿಯಲ್ಲಿ ಬೆರಳಿಟ್ಟು ಶಪಿಸುತ್ತಿದ್ದರು. ಅಕ್ಕ ಮಾತ್ರ ಬಟ್ಟೆ ಹೆಗಲಿಗೆ ಹಾಕಿಕೊಂಡು ಆಕಾಶ ನೋಡುತ್ತಿದ್ದಳು. ವಿಮಾನ ಇಳಿದ ಮೇಲೆ ಎಂಜಿನ್ ಪರೀಕ್ಷಿಸಿ, ನೀರು ತುಂಬಿಸಿ, ಸಹಿ ಹಾಕಿ, ಸೈಕಲ್ ಹತ್ತಿ ಭಾವ ಮನೆ ಮುಟ್ಟಲು ಸರಿಯಾಗಿ ಮುಕ್ಕಾಲು ಗಂಟೆ. ಅಷ್ಟರಲ್ಲಿ ಅವಳು ಬಚ್ಚಲಲ್ಲಿ ನೀರು ಕಾಯಿಸಿ, ಚಹಾ ಸೋಸುವ ಹದಕ್ಕೆ ತಂದಿಡುತ್ತಿದ್ದಳು. ವಿಮಾನಗಳು ಹಡಗಿನೊಂದಿಗೆ ಸಮುದ್ರಕ್ಕೆ ಹೋದರೆ ಭಾವನೂ ಹೋಗುತ್ತಿದ್ದ. ಆಗ ತಿಂಗಳುಗಟ್ಟಲೆ ಲೋಟಗಳು ನಡುಗದೆ ಸುಮ್ಮನಿರುತ್ತಿದ್ದವು. ಆ ಸುಮ್ಮನಿರುವಿಕೆಯೇ ಅವಳಿಗೆ ಕರ್ಕಶವಾಗಿತ್ತಂತೆ.

ಭಾವ ನಿವೃತ್ತನಾಗಿ ಹುಲೇಕಲ್ಲಿಗೆ ಬಂದ. ಕೆಲವು ವರ್ಷಗಳ ತರುವಾಯ ಆ ವಿಮಾನಗಳೂ ನಿವೃತ್ತವಾದವು. ಎರಡು ವರ್ಷದ ಹಿಂದೆ, ಬಸ್ಸಿಗೆ ಕಾಯುತ್ತಿದ್ದ ಭಾವ ನಿಂತಲ್ಲೇ ಕುಸಿದು ತೀರಿಕೊಂಡ. ಅಕ್ಕ ಅತ್ತಳು, ಎದ್ದಳು, ಸೊಸೈಟಿಯ ಪಕ್ಕದ ತನ್ನ ಹೊಲಿಗೆ ಅಂಗಡಿಯ ಬಾಗಿಲು ಮತ್ತೆ ತೆರೆದಳು. ಮೊನ್ನೆ ಬೇಸಿಗೆಯಲ್ಲಿ ನಾನು ಹೋದಾಗ ಕಾಜಾ ಹಾಕುತ್ತ, ತಲೆಯೆತ್ತದೆ ಕೇಳಿದಳು: "ತಮಾ, ಆ ಶಬ್ದ ಒಂದ್ಸಲ ಕೇಳ್ಸ್ತ್ಯ?"

ಭಾವನ ಫೋಟೋ ಇತ್ತು, ಸಮವಸ್ತ್ರವಿತ್ತು, ಫೋನಿನಲ್ಲಿ ಅವನ ದನಿಯೂ ಇತ್ತು. ಅವಳು ಕೇಳಿದ್ದು ಇವು ಯಾವುವೂ ಅಲ್ಲ.

ಇದೇನು ಮಹಾ ಎಂದು ನಾನು ನನ್ನ ಮೊಬೈಲಿನಲ್ಲಿ ಹ್ಯಾರಿಯರಿನ ವಿಡಿಯೋ ಹಾಕಿದೆ. ಅಕ್ಕ ಹಲ್ಲಿನ ನಡುವೆ ಸೂಜಿ ಹಿಡಿದುಕೊಂಡೇ ಆಲಿಸಿ, "ಇದು ಮಿಕ್ಸರು ತಮಾ," ಎಂದಳು.

ಸೋಲೊಪ್ಪುವುದು ನನ್ನ ಜಾಯಮಾನವಲ್ಲ. ಒಪ್ಪಿಸುವವರು ಮನೆಯಲ್ಲಿದ್ದಾರೆ, ಅದು ಬೇರೆ ಮಾತು. ಶಿರಸಿಯಲ್ಲಿ ಮದುವೆ ಮುಂಜಿಗಳಿಗೆ ಧ್ವನಿವರ್ಧಕ ಒದಗಿಸುವ ಬನವಾಸಿ ಕಡೆಯ ಚನ್ನವೀರಪ್ಪನಲ್ಲಿಗೆ ಹೋದೆ.

"ಬರ್ರಿ ಸರ. ಯಾರ ಮದವಿರಿ?"

"ಮದುವೆ ಅಲ್ಲ ಮಾರಾಯ, ಒಂದು ವಿಮಾನ ಇಳಿಸಬೇಕಾಗಿದೆ."

ವಿಷಯವನ್ನೆಲ್ಲ ಕೇಳಿದ ಮೇಲೆ ಅವನು ನಗಲಿಲ್ಲ. "ದೊಡ್ಡ ಬಾಕ್ಸ್ ತರ್ತೇನ್ರಿ. ಸಣ್ಣದ್ರಾಗ ಎದಿಗೆ ಬಡಿಯೂದಿಲ್ಲ," ಎಂದಷ್ಟೇ ಹೇಳಿದ.

ಮರುದಿನ ಮಧ್ಯಾಹ್ನ ಅಕ್ಕನ ಮನೆಯ ಮುಂದೆ ಆಳೆತ್ತರದ ಎರಡು ಸ್ಪೀಕರುಗಳು ನಿಂತವು. ನೆರೆಯವರಿಗೆ ಮೊದಲೇ ಹೇಳಿದ್ದೆ. ಆದರೂ ಚನ್ನವೀರಪ್ಪ ಗುಂಡಿ ತಿರುಗಿಸಿದಾಗ ಕೊಟ್ಟಿಗೆಯ ಎಮ್ಮೆ ಕಣ್ಣಿ ಕಿತ್ತುಕೊಂಡಿತು, ಅಡುಗೆಮನೆಯಲ್ಲಿ ಪಾತ್ರೆಗಳು ಘಣಘಣಿಸಿದವು, ನನ್ನ ಕೃತಕ ದಂತಪಂಕ್ತಿ ಸ್ವತಂತ್ರವಾಗಿ ಅಲುಗಾಡಿತು. ಗೆದ್ದೆನೆಂದು ಅಕ್ಕನ ಮುಖ ನೋಡಿದೆ.

ಅವಳು ಅಲ್ಲವೆಂದು ತಲೆಯಾಡಿಸಿದಳು. "ಇದು ಹೋಪ ಶಬ್ದ ತಮಾ. ಆನು ಕೇಳಿದ್ದು ಬಪ್ಪ ಶಬ್ದ."

ಹೌದು, ಅದು ಹೊರಡುವ ಶಬ್ದವೇ; ಸ್ಪೀಕರಿಗೆ ಜೋಡಿಸಿದ್ದ ಮೊಬೈಲಿನ ಪರದೆಯ ಮೇಲೆ ವಿಮಾನ ಓಡಿ, ನೆಗೆದು, ದೂರವಾಗಿಬಿಟ್ಟಿತ್ತು. ಜೀವಮಾನವಿಡೀ ಶಬ್ದಾರ್ಥ ಬೋಧಿಸಿದ ನನಗೆ ಆ ವ್ಯತ್ಯಾಸ ಕೇಳಿಸಿಯೇ ಇರಲಿಲ್ಲ.

ನಾನೂ ಚನ್ನವೀರಪ್ಪನೂ ತಲೆಗೆ ತಲೆ ತಾಗಿಸಿ ಹುಡುಕಿ, ಇಳಿಯುವ ವಿಡಿಯೋ ಒಂದನ್ನು ಪತ್ತೆಹಚ್ಚಿದೆವು. ಈ ಸಲ ಸದ್ದು ದೂರದಿಂದ ಬಂತು. ಹತ್ತಿರವಾಗುತ್ತ ದಪ್ಪವಾಯಿತು, ಆಮೇಲೆ ಮುಂದೆ ಹೋಗಲಿಲ್ಲ. ತಲೆಯ ಮೇಲೆ ಒಂದೇ ಕಡೆ ನಿಂತು ಮೊರೆಯಿತು. ಅಕ್ಕ ಜಗಲಿಯ ಕಂಬ ಹಿಡಿದುಕೊಂಡಳು. ಅವಳು ಕಿವಿ ಮುಚ್ಚಲಿಲ್ಲ, ಕಣ್ಣು ಮುಚ್ಚಿದಳು. ಸದ್ದು ಕೆಳಗಿಳಿಯಿತು, ನೆಲ ಮುಟ್ಟಿತು, ಸಣ್ಣದಾಗುತ್ತ ಸಿಳ್ಳಾಗಿ ಆರಿಹೋಯಿತು.

ಚನ್ನವೀರಪ್ಪ ಸ್ಪೀಕರಿನ ವೈರು ಬಿಚ್ಚಲು ಕೈಹಾಕಿದ. ಅಕ್ಕ ಬೇಡವೆಂದು ಕೈಸನ್ನೆ ಮಾಡಿದಳು. ಗೋಡೆಯ ಗಡಿಯಾರ ನೋಡಿ, "ಇನ್ನು ಮುಕ್ಕಾಲು ಗಂಟೆ ಇದ್ದು," ಎಂದು ತನಗೇ ಹೇಳಿಕೊಂಡಂತೆ ಹೇಳಿ ಒಳಗೆ ಹೋದಳು. ಒಲೆ ಹೊತ್ತಿಸಿದ್ದು ಕೇಳಿಸಿತು.

"ಯಾರರ ಬರೋರದಾರೇನ್ರಿ ಸರ?" ಚನ್ನವೀರಪ್ಪ ಪಿಸುಗುಟ್ಟಿದ.

"ಹೌದು," ಎಂದೆ. ಅವನು ಸ್ಪೀಕರಿನ ಮಗ್ಗುಲಲ್ಲಿ ಕುಳಿತ. ಅವನಿಗೆ ಸಂಜೆ ಸಿದ್ದಾಪುರದಲ್ಲೊಂದು ಕಾರ್ಯಕ್ರಮವಿತ್ತು. ಆದರೂ ಒಮ್ಮೆಯೂ ಗಡಿಯಾರ ನೋಡಲಿಲ್ಲ.

ಮುಕ್ಕಾಲು ಗಂಟೆಗೆ ಸರಿಯಾಗಿ ಅಕ್ಕ ಹೊರಬಂದಳು. ತಟ್ಟೆಯಲ್ಲಿ ನಾಲ್ಕು ಲೋಟ ಚಹಾ. ಮೂರನ್ನು ನಾವು ತೆಗೆದುಕೊಂಡೆವು. ನಾಲ್ಕನೆಯದನ್ನು ಅವಳು ಜಗಲಿಯ ಅಂಚಿನಲ್ಲಿಟ್ಟು, ಸೆರಗಿನಿಂದ ಮುಖ ಒರೆಸಿಕೊಂಡು, ರಸ್ತೆಯ ಕಡೆ ನೋಡಿದಳು. ರಸ್ತೆಯಲ್ಲಿ ಯಾರೂ ಇರಲಿಲ್ಲ.

"ಇವತ್ತು ಲೇಟಾತು ಕಾಣ್ತು," ಎಂದು ಅಕ್ಕ ನಕ್ಕಳು. ಭಾವ ಹೋದ ಮೇಲೆ ಅವಳು ಹಾಗೆ ನಕ್ಕದ್ದನ್ನು ನಾನು ನೋಡಿರಲಿಲ್ಲ. ಆಮೇಲೆ ಆ ಲೋಟವನ್ನೂ ತಾನೇ ಎತ್ತಿಕೊಂಡು, ಆರುವ ಮೊದಲೇ ಕುಡಿದಳು.